ಅಪ್ಪನಿಗೂ ಪಾಠ ಹೇಳಿದ ಮುನ್ಷಿ

ಸಿಂಧನೂರಿನಲ್ಲಿರುವ ನನ್ನ ಮೊಮ್ಮಗಳು ಮಗನನ್ನು ಹೈಸ್ಕೂಲಿಗೆ ಸೇರಿಸುವ ಸಲುವಾಗಿ ಒಂದು ವಾರದಿಂದ ಊಟ ನಿದ್ದೆ ಬಿಟ್ಟಿದ್ದಾಳೆ. ಈಗ ಹುಡುಗನ ಜೊತೆಗೆ ತಂದೆ ತಾಯಿಯನ್ನೂ ಕರೆದು ಪ್ರಶ್ನೆ ಕೇಳುತ್ತಾರಂತೆ. ಮೊನ್ನೆ ಗಂಡ ಹೆಂಡತಿ ಇಬ್ಬರೂ ಕಪಾಟಿನ ಕನ್ನಡಿಯ ಮುಂದೆ ನಿಂತು ಉತ್ತರ ಬಾಯಿಪಾಠ ಮಾಡುತ್ತಿದ್ದರು. ನಾನು ಮಂಚದ ಮೇಲೆ ಕೂತು ಕಿಸಕ್ಕನೆ ನಕ್ಕೆ.

"ಯಾಕ ನಗತಿ ಅಮ್ಮಾ? ನಮಗಿಲ್ಲಿ ಜೀವ ಹೊಂಟದ," ಎಂದಳು ಮೊಮ್ಮಗಳು.

"ನಿಮ್ಮ ಮುತ್ತಜ್ಜನ ಪರೀಕ್ಷಾ ನೀವು ನೋಡಿಲ್ಲ. ನೋಡಿದ್ರ ಇದಕ್ಕ ಜೀವ ಹೋಗೂದು ಅಂತಿರಲಿಲ್ಲ," ಎಂದೆ.

ಆ ಪರೀಕ್ಷೆಗೆ ನಮ್ಮಪ್ಪನನ್ನು ತಯಾರು ಮಾಡಿದವರು ಮಸ್ಕಿಯ ಮುನ್ಷಿಯವರು. ಅವರನ್ನು ಕುರಿತು ಬರೆಯಬೇಕೆಂದು ಎರಡು ದಿನದಿಂದ ಫೋನು ಹಿಡಿದು ಕೂತಿದ್ದೇನೆ. ಇದರಲ್ಲಿ ಅಕ್ಷರ ಒತ್ತುವುದು ಕಲಿತು ಇನ್ನೂ ಎರಡು ತಿಂಗಳಾಗಿಲ್ಲ. ಮುನ್ಷಿ ಎಂದು ಒತ್ತಿದರೆ ಇದು ಮುನ್ಸಿಪಾಲಿಟಿ ಎನ್ನುತ್ತದೆ. ಅವರಿದ್ದಿದ್ದರೆ ಇದರ ಕಿವಿಯನ್ನೂ ಹಿಂಡುತ್ತಿದ್ದರು. ಅವರ ಹೆಸರು ಮಾತ್ರ ಬರೆಯುವುದಿಲ್ಲ. ಅವರ ಮರಿಮಕ್ಕಳು ಇದೇ ಸೀಮೆಯಲ್ಲಿದ್ದಾರೆ, ಅವರ ಕೈಯಲ್ಲೂ ಫೋನಿದೆ.

ಆಗ ನಿಜಾಮರ ರಾಜ್ಯ. ನಾನು ಎಂಟು ವರ್ಷದವಳು. ನಮ್ಮಪ್ಪ ಬಡಿಗ, ಬಂಡಿಯ ಗಾಲಿ, ಕುಂಟೆ, ಕೂರಿಗೆ, ಬಾಗಿಲು, ತೊಟ್ಟಿಲು, ಏನು ಹೇಳಿದರೂ ಮಾಡುತ್ತಿದ್ದ. ನನ್ನಣ್ಣನೂ ಅದನ್ನೇ ಮಾಡಬೇಕಾಗಿತ್ತು. ಆದರೆ ಅವನು ಒಂಬತ್ತು ವರ್ಷದವನಿದ್ದಾಗ ಬಾಚಿ ಜಾರಿ ಎಡಗೈಯ ಎರಡು ಬೆರಳು ಹೋದವು. ಎಡಗೈಯಲ್ಲಿ ಕಟ್ಟಿಗೆಯನ್ನು ಬಿಗಿಯಾಗಿ ಹಿಡಿಯಲಾಗದವನು ಬಡಿಗ ಹೇಗಾಗುತ್ತಾನೆ? ಬಲಗೈ ನೆಟ್ಟಗಿತ್ತು. ಆ ಬಲಗೈಗೆ ಲೇಖಣಿಕೆ ಕೊಡಿಸಿ, ಯಾವುದಾದರೂ ಕಚೇರಿಯಲ್ಲಿ ಬರೆಯುವ ಕೆಲಸಕ್ಕೆ ಹಚ್ಚದಿದ್ದರೆ ಹುಡುಗನ ಬದುಕು ಮುಗಿಯಿತು ಎಂದು ಅಪ್ಪ ತಿಳಿದಿದ್ದ. ತಿಳಿದದ್ದು ಸರಿಯಾಗಿಯೇ ಇತ್ತು.

ಮಸ್ಕಿಯ ಸಾಲಿ ನಾಲ್ಕನೆಯ ತರಗತಿಗೆ ಮುಗಿಯುತ್ತಿತ್ತು. ಮುಂದೆ ಓದಬೇಕೆಂದರೆ ಲಿಂಗಸುಗೂರಿನ ದೊಡ್ಡ ಸಾಲಿ. ಅಲ್ಲಿ ಎಲ್ಲವೂ ಉರ್ದು. ಸೇರಿಸಿಕೊಳ್ಳುವುದಕ್ಕೆ ದಾಖಿಲಾ ಎನ್ನುತ್ತಿದ್ದರು. ಕೊಡುವವರು ಸದರ್ ಸಾಹೇಬರು, ಅಂದರೆ ಹೆಡ್‌ಮಾಸ್ತರರು. ಬೇಸಿಗೆ ಮುಗಿಯುವುದರೊಳಗೆ ತಂದೆ ಮಗ ಇಬ್ಬರೂ ಅವರ ಮುಂದೆ ನಿಲ್ಲಬೇಕು. ಅವರು ಒಲ್ಲೆ ಎಂದರೆ ಆಯಿತು, ಕೇಳುವವರಿಲ್ಲ.

ಹಾಗಾಗಿ ಸುತ್ತಲಿನ ಹಳ್ಳಿಯವರೆಲ್ಲ ಬೇಸಿಗೆ ಬಂತೆಂದರೆ ಮಕ್ಕಳನ್ನು ಕರೆದುಕೊಂಡು ಮುನ್ಷಿಯವರ ಪಡಸಾಲೆಗೆ ಬರುತ್ತಿದ್ದರು. ಕಚೇರಿಯಲ್ಲಿ ಮೂವತ್ತು ವರ್ಷ ಮುನ್ಷಿಯಾಗಿ, ಅಂದರೆ ಕಾಗದಪತ್ರ ಬರೆಯುವ ಗುಮಾಸ್ತರಾಗಿ, ನೌಕರಿ ಮಾಡಿ ಬಂದವರು ಎಂದು ಊರಿಗೆಲ್ಲ ಗೊತ್ತು. ಉರ್ದುವನ್ನು ನೀರು ಕುಡಿದಂತೆ ಆಡುತ್ತಿದ್ದರು. ಒಣಗಿದ ಆಳು, ಗಿಣಿಯಂಥ ಮೂಗು, ಕನ್ನಡಕದ ಒಂದು ಕಾಲು ಮುರಿದು ಅಲ್ಲಿ ದಾರ. ನಶ್ಯ ಏರಿಸಿ, ಸೀನು ಬರುವುದರೊಳಗೆ ಒಂದು ಬೈಗುಳ ಮುಗಿಸುವುದು ಅವರ ಚಟ. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ದೊಡ್ಡ ಮನಸ್ಸು ಎಂದು ಊರವರು ಹೇಳುತ್ತಿದ್ದರು. ಮಂದಿಯನ್ನು ಬೈಯುವ ಸುಖಕ್ಕೆ ಮಾಡುತ್ತಿದ್ದಾರೆ ಎಂದು ನನಗೆ ಆಗಲೇ ಅನ್ನಿಸಿತ್ತು. ಆ ಸುಖ ಏನೆಂದು ಎಂಟು ವರ್ಷದವರಿಗೂ ತಿಳಿಯುತ್ತದೆ.

ಮೊದಲ ದಿನ ನಾವು ನಾಲ್ವರೂ ಹೋದೆವು. ಮುನ್ಷಿಯವರು ಅಣ್ಣನ ಕಡೆ ನೋಡಲೂ ಇಲ್ಲ.

"ಹುಡುಗನ್ನ ತಯಾರ್ ಮಾಡೂದೇನು ದೊಡ್ಡದಲ್ಲ," ಎಂದರು. "ಹುಡುಗ ಹಸೀ ಮಣ್ಣು. ಕೆಟ್ಟಿರೂದು ನೀವಿಬ್ರು. ಮೊದಲ ನಿಮ್ಮನ್ನ ತಿದ್ದತೀನಿ. ಆಮ್ಯಾಲ ಅವ."

"ಹೌದ್ರಿ," ಎಂದ ಅಪ್ಪ.

"ಹೌದ್ರಿ ಅಲ್ಲ. ಜೀ ಸರ್ಕಾರ್."

"ಜೀ ಸರ್ಕಾರ್ ರೀ."

"ರೀ ಬ್ಯಾಡ!"

"ಬ್ಯಾಡ್ರಿ," ಎಂದ ಅಪ್ಪ.

ನಾನು ನಕ್ಕೆ. ಮುನ್ಷಿಯವರು ನನ್ನತ್ತ ತಿರುಗಿ ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ನನ್ನನ್ನು ಯಾವುದಕ್ಕೋ ತೆಗೆದಿಟ್ಟುಕೊಂಡರು.

ಮೊದಲು ಸಿಕ್ಕಿಬಿದ್ದವಳು ಅವ್ವ. ಲಿಂಗಸುಗೂರಿನಲ್ಲಿ ಅಣ್ಣ ಇರಬೇಕಾದದ್ದು ಅಪ್ಪನ ಅಕ್ಕನ ಮನೆಯಲ್ಲಿ. ಆ ಸೋದರತ್ತೆಯ ನಾಲಿಗೆಯ ಸುದ್ದಿ ಮಸ್ಕಿಯವರೆಗೂ ಬಂದಿತ್ತು. ಮುನ್ಷಿಯವರು ಅವ್ವನಿಗೆ ಹೇಳಿದರು:

"ನೀ ಇವತ್ತಿಂದ ಇವನ ತಾಯಿ ಅಲ್ಲ. ಲಿಂಗಸೂರಿನ ಅತ್ತಿ. ಹಿಂದಿನ ದಿನದ ರೊಟ್ಟಿ ಹಾಕು. ಹಾಕುವಾಗ ಮಾರಿ ಗಂಟು ಹಾಕು. ಎರಡನೇ ರೊಟ್ಟಿ ಕೇಳಿದ್ರ, ಎಷ್ಟು ತಿಂತೀಯೋ ಬಕಾಸುರ ಅನ್ನು."

"ಅಯ್ಯ ಶಿವನ, ಹೊಟ್ಟೀಲೆ ಹುಟ್ಟಿದ ಕೂಸಿಗೆ ಹ್ಯಾಂಗ ಅನ್ಲಿರೀ?"

"ಅನಬ್ಯಾಡ. ಅವ ಅಲ್ಲಿ ಹೋಗಿ ಮೊದಲನೇ ಸಲ ಕೇಳಲಿ. ಎಂಟು ದಿನಕ್ಕ ಅಳಕೋತ ನಡಕೊಂಡು ಬರ್ತಾನ. ಆಮ್ಯಾಲ ನೀ ಬಿಸಿ ರೊಟ್ಟಿ ಮಾಡಿ ಹಾಕು, ಸಾಯೂತನಕ ಮನ್ಯಾಗ ಕುಂತು ತಿನ್ಲಿ."

ಅವ್ವ ಮೂರು ದಿನ ಒದ್ದಾಡಿದಳು. ನಾಲ್ಕನೆಯ ದಿನ ಅಣ್ಣ ಎರಡನೆಯ ರೊಟ್ಟಿಗೆ ಕೈ ಚಾಚಿದಾಗ ಕಣ್ಣು ಮುಚ್ಚಿಕೊಂಡು ಬಕಾಸುರ ಅಂದಳು. ಚಾಚಿದ ಕೈ ಹಾಗೆಯೇ ನಿಂತಿತು. ಆಮೇಲೆ ಅವನು ಗಂಗಾಳದಲ್ಲೇ ಕೈ ತೊಳೆದು ಎದ್ದ. ಅವ್ವ ಒಲೆಯ ಕಡೆ ತಿರುಗಿ ಕೂತಳು. ಮರುದಿನ ನಾನೇ ಓಡಿಹೋಗಿ ಮುನ್ಷಿಯವರಿಗೆ ಎಲ್ಲ ಒಪ್ಪಿಸಿದೆ. ಅವರು ನಶ್ಯ ಏರಿಸಿ, "ತಾಯಿ ಪಾಸ್," ಎಂದರು. ಅವ್ವನಿಗೆ ಅದನ್ನು ಹೇಳಿದೆ. ಅವಳು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಅದೂ ಸರಿಯಾಗಿಯೇ ಇತ್ತು.

ಬಡವರಿಗೆ ಮಾತ್ರ ಹೀಗೆ ಮಾಡುತ್ತಿದ್ದರು ಎಂದು ತಿಳಿಯಬೇಡಿ. ದಢೇಸುಗೂರಿನ ಕಡೆಯ ಗೌಡರೊಬ್ಬರು ಎರಡು ಎತ್ತಿನ ಸವಾರಿ ಬಂಡಿಯಲ್ಲಿ ಮಗನನ್ನು ಕರೆತಂದಿದ್ದರು. ಮುನ್ಷಿಯವರು ಉರ್ದುವಿನಲ್ಲಿ ಸಹಿ ಮಾಡಿ ಎಂದರು. ಗೌಡರು ತಮಗೆ ಉರ್ದು ಬರುವುದಿಲ್ಲ ಎಂದರು. ಮುನ್ಷಿಯವರು ಆ ಹುಡುಗನಿಗೆ, "ನಿಮ್ಮಪ್ಪಗ ನೀ ಕಲಸು. ತಪ್ಪಿದ್ರ ಕಿವಿ ಹಿಂಡು," ಎಂದರು. ಹುಡುಗ ನಿಜವಾಗಿಯೂ ಹಿಂಡಿದ. ಗೌಡರು ಕೆಂಪಾಗಿ ಎದ್ದು ಬಂಡಿ ಹತ್ತಿದರು.

"ಗೌಡ್ರ, ಇಲ್ಲೇ ಸಿಟ್ಟು ಬಂದ್ರ ಲಿಂಗಸೂರಿನ್ಯಾಗ ಏನ್ ಮಾಡ್ತೀರಿ?" ಎಂದು ಮುನ್ಷಿಯವರು ಕೂಗಿದರು. ಗೌಡರು ಹೋದರು. ಮರುದಿನ ಒಂದು ತಂಬಿಗೆ ತುಪ್ಪ ಹಿಡಿದುಕೊಂಡು ಮತ್ತೆ ಬಂದರು. ಆ ತುಪ್ಪವನ್ನು ಮುನ್ಷಿಯವರು ಗೌಡರ ಎದುರಿಗೇ ಬೀದಿಯ ನಾಯಿಗೆ ಸುರಿದರು.

ಅಪ್ಪನ ಪಾಠ ಶುರುವಾದದ್ದು ಎರಡನೆಯ ವಾರ. ಅದಕ್ಕೆ ಒಂದು ಕುರ್ಚಿ ಬೇಕಾಗಿತ್ತು.

"ಬಡಿಗೇರ, ಸದರ್ ಸಾಹೇಬ್ರು ಕುಂಡ್ರೂವಂಥಾ ಕುರ್ಚಿ ಮಾಡಿಕೊಂಡು ಬಾ. ಕೈ ಇರಬೇಕು, ಬೆನ್ನು ಎತ್ತರ ಇರಬೇಕು."

ಅಪ್ಪ ಎರಡು ದಿನ ಕೂತು ತೇಗದ ತುಂಡುಗಳಲ್ಲಿ ಮಾಡಿದ. ಅಷ್ಟು ಚೆಂದದ ಕುರ್ಚಿಯನ್ನು ನಾನು ನೋಡಿರಲಿಲ್ಲ. ಅದರ ಮೇಲೆ ಯಾರನ್ನು ಕೂರಿಸಬೇಕು? ಮುನ್ಷಿಯವರು ಪಡಸಾಲೆಯಲ್ಲಿದ್ದವರನ್ನೆಲ್ಲ ನೋಡಿ ನನ್ನ ಕಡೆ ಬೆರಳು ತೋರಿಸಿದರು.

"ನೀ ಬಾ ಇಲ್ಲೆ. ನಿನ್ನ ಕಣ್ಣಾಗ ದಯಾ ಇಲ್ಲ."

ಹಾಗೆ ನಾನು ಸದರ್ ಸಾಹೇಬಳಾದೆ. ಅವರ ಹಳೆಯ ಕೆಂಪು ಟೋಪಿ ನನ್ನ ಕಿವಿಯವರೆಗೂ ಇಳಿಯಿತು. ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಏನು ಕೇಳಬೇಕು, ಹೇಗೆ ಬೈಯಬೇಕು ಎಲ್ಲ ಅವರೇ ಕಲಿಸಿದರು. ಅಪ್ಪ ಹೊಕ್ಕಳ ಮೇಲೆ ಎರಡೂ ಕೈ ಕಟ್ಟಿಕೊಂಡು ನಿಲ್ಲಬೇಕು. ಕಣ್ಣು ಮೇಜಿನ ಕಾಲಿನ ಮೇಲೆ. ತಲೆಯ ಮೇಲಿನ ರುಮಾಲು ಏನೇ ಆದರೂ ತೆಗೆಯಬಾರದು, ಅದು ದೊಡ್ಡ ಬೇಅದಬಿ, ಮರ್ಯಾದೆಗೇಡು. ಚೀಲದಲ್ಲಿ ಮೂರು ಕಾಗದ: ಅರ್ಜಿ, ಮಸ್ಕಿ ಸಾಲಿಯ ಚೀಟಿ, ಪಾಟೀಲರು ಬರೆದುಕೊಟ್ಟ ಹುಟ್ಟಿದ ದಿನದ ಚೀಟಿ. "ಲಾವ್ ಅಂದ್ರ ತಗದು ತೋರಸು. ರಖೋ ಅಂದ್ರ ಇಡು. ಬ್ಯಾರೆ ಏನೂ ತಿಳ್ಕೋಬ್ಯಾಡ, ನಿನ್ನ ತಲಿಗೆ ಅಷ್ಟ ಸಾಕು."

ನಾನು ಟೋಪಿ ಮೇಲಕ್ಕೆ ತಳ್ಳಿಕೊಂಡು, "ಬಾಪ್ ಕ್ಯಾ ಕರ್ತಾ ಹೈ?" ಎನ್ನುತ್ತಿದ್ದೆ.

"ಬಡಿಗ ರೀ... ಬಢಯಿ, ಸರ್ಕಾರ್."

"ಗಧಾ! ಜಾಹಿಲ್! ಬಡಿಗನ ಮಗಾ ಸಾಲಿ ಕಲ್ತು ಏನ್ ಮಾಡ್ತಾನ? ಗಾಲಿ ಉರುಳಿಸ್ಕೋತ ಹೋಗಂತ ಹೇಳು!"

"ಜೀ ಸರ್ಕಾರ್."

ಮೊದಲ ಎರಡು ದಿನ ಅಪ್ಪನಿಗೂ ತಮಾಷೆಯೇ. ಮನೆಗೆ ಬಂದ ಮೇಲೆ, "ಸದರ್ ಸಾಹೇಬ್ರ, ಒಂದು ತಂಬಿಗಿ ನೀರು ತಗೊಂಡು ಬರ್ರಿ," ಎನ್ನುತ್ತಿದ್ದ. ನಾನು ಮುನ್ಷಿಯವರು ಕಲಿಸಿದ್ದು ಸಾಲದೆ ನನ್ನ ಸ್ವಂತದ್ದನ್ನೂ ಸೇರಿಸತೊಡಗಿದೆ. "ಸಂತಿಯಿಂದ ಮಗಳಿಗೆ ಬಳಿ ಯಾಕ್ ತರಲಿಲ್ಲ? ಮಗಳಿಗೆ ಯಾಕ್ ಹೊಡೀತಿ?" ಎಂದೆಲ್ಲ ಕೇಳಿದೆ. ಪಡಸಾಲೆಯ ಮಂದಿ ಬಿದ್ದು ಬಿದ್ದು ನಕ್ಕರು. ಮುನ್ಷಿಯವರು ನಗಲಿಲ್ಲ, ತಲೆಯಾಡಿಸಿ, "ಇನ್ನೂ ಜೋರು," ಎಂದರು.

ಐದನೆಯ ದಿನವೋ ಆರನೆಯ ದಿನವೋ, ನಾನು "ಗಧಾ", ಅಂದರೆ ಕತ್ತೆ, ಎಂದಾಗ ಅಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಅವನು ನನಗೆ ಹೆದರಿದ್ದ. ಸುಳ್ಳು ಹೆದರಿಕೆಯಲ್ಲ. ಆ ದಿನದಿಂದ ಮನೆಯಲ್ಲಿ ಅವನು ನನ್ನಿಂದ ನೀರು ಕೇಳಲಿಲ್ಲ, ತಾನೇ ಎದ್ದು ಕುಡಿದ. ನನಗೆ ಕೆಟ್ಟದ್ದೆನಿಸಿತೇ ಎಂದು ಕೇಳಿದರೆ, ಇಲ್ಲ. ಮರುದಿನದ ಬೈಗುಳ ಯಾವುದೆಂದು ಯೋಚಿಸುತ್ತಾ ಮಲಗಿದೆ.

ಕಷ್ಟವಾದದ್ದು ಅಣ್ಣನಿಗೆ. ಅಪ್ಪನ ಪಕ್ಕದಲ್ಲಿ ಅವನೂ ಕೈಕಟ್ಟಿ ನಿಲ್ಲಬೇಕು. ಅಪ್ಪನಿಗೆ ಒಂದು ಬೈಗುಳ ಬಿದ್ದರೆ ಅವನ ಕಣ್ಣಲ್ಲಿ ನೀರು. ಮುನ್ಷಿಯವರು ಕೈಯೆತ್ತಿ ಹೊಡೆದವರಲ್ಲ. ಹೊಡೆದರೆ ತಮ್ಮ ಕೈ ನೋಯುತ್ತದೆ ಎನ್ನುತ್ತಿದ್ದರು. ಅವರು ಬೇರೆ ದಾರಿ ಹುಡುಕಿದರು. ಅಣ್ಣ ಅತ್ತರೆ ಅಪ್ಪ ಹತ್ತು ಬಸ್ಕಿ ಹೊಡೆಯಬೇಕು. ಅಪ್ಪ ಹೊಡೆದ. ಮಂಡಿ ನೋವಿನ ಮನುಷ್ಯ, ಎದ್ದು ಕೂತು ಮಾಡುವಾಗ ಕಟಕಟ ಸಪ್ಪಳ ಕೇಳುತ್ತಿತ್ತು. ಅದನ್ನು ನೋಡಿ ಅಣ್ಣ ಇನ್ನೂ ಅತ್ತ. ಮತ್ತೆ ಹತ್ತು. ಮೂರು ದಿನದಲ್ಲಿ ಅಣ್ಣನ ಕಣ್ಣು ಒಣಗಿದವು.

"ಅಳೂದು ಬಿಟ್ಟಿ. ಇನ್ನ ನಗೂದು ಕಲಿ," ಎಂದರು ಮುನ್ಷಿಯವರು. "ಅಲ್ಲಿ ನಿಮ್ಮಪ್ಪನ್ನ ನೋಡಿ ನಗತಾರ. ಹ್ಯಾಂಗಂದ್ರೂ ನಗತಾರ. ಆವಾಗ ಮಾರಿ ಸಣ್ಣ ಮಾಡ್ಕೊಂಡು ನಿಂತಿ ಅಂದ್ರ, ನೀ ನಿಮ್ಮಪ್ಪನ ಕಡ್ಯಾವ. ನಕ್ಕಿ ಅಂದ್ರ, ನೀ ಅವರ ಕಡ್ಯಾವ. ಸದರ್ ಸಾಹೇಬ್ರಿಗೆ ತಮ್ಮ ಕಡ್ಯಾವ ಬೇಕು. ತಿಳೀತಿಲ್ಲೋ?"

ಅಣ್ಣ ಅಪ್ಪನ ಮುಖ ನೋಡಿದ.

"ಅವನ್ನ ಏನ್ ಕೇಳ್ತಿ? ಬಡಿಗೇರ, ನೀನ ಹೇಳು ಮಗಗ."

"ನಗಪ್ಪಾ," ಎಂದ ಅಪ್ಪ. "ಮುನ್ಷಿಯವರು ಹೇಳಾಕತ್ಯಾರಲ್ಲ, ನಗು."

ಅಣ್ಣ ನಕ್ಕ. ಮೊದಲು ಹಲ್ಲು ಕಿಸಿದಂತೆ ಕಾಣುತ್ತಿತ್ತು. ನಾಲ್ಕಾರು ದಿನಕ್ಕೆ ಒಳ್ಳೆಯ ನಗು ಬಂತು. ಅವನು ಮೊದಲಿಂದಲೂ ಚುರುಕು.

ಲಿಂಗಸುಗೂರಿಗೆ ಹೊರಡುವ ದಿನ ನಾನು ಹಟ ಹಿಡಿದು ಬಂಡಿ ಹತ್ತಿದೆ. ನಿಜವಾದ ಸದರ್ ಸಾಹೇಬರು ಹೇಗೆ ಬೈಯುತ್ತಾರೆ ಎಂದು ನೋಡಬೇಕಾಗಿತ್ತು. ನನಗಿಂತ ಜೋರೋ ಅಲ್ಲವೋ? ಮುನ್ಷಿಯವರನ್ನೂ ಬನ್ನಿ ಎಂದು ಅಪ್ಪ ಕೈಮುಗಿದು ಕೇಳಿದ. ಅವರು ಒಲ್ಲೆ ಎಂದರು. "ನನಗ ಬರೂದೆಲ್ಲಾ ನಿನಗ ಕಲಿಸೀನಿ. ಇನ್ನ ಉಳಿದದ್ದು ಏನೂ ಇಲ್ಲ," ಎಂದರು.

ಸಾಲಿಯ ದೊಡ್ಡ ಕೋಣೆಯ ಬಾಗಿಲಿಗೆ ಹಸಿರು ಪರದೆ. ಅಪ್ಪ ಅಣ್ಣ ಒಳಗೆ ಹೋದರು, ನಾನು ಪರದೆಯ ಅಂಚು ಸರಿಸಿ ನೋಡಿದೆ. ಮೂರು ಮಂದಿ ಮಾಸ್ತರರು ಗೋಡೆಯ ಬದಿಗೆ ಕೂತಿದ್ದರು. ಮೇಜಿನ ಹಿಂದೆ ಸದರ್ ಸಾಹೇಬರು: ತೆಳ್ಳನೆಯ ಮುದುಕ, ಬಿಳಿ ಗಡ್ಡ, ಕೆಮ್ಮು. ಧ್ವನಿಯೇ ಇಲ್ಲ. ನನಗೆ ಭಾರಿ ನಿರಾಸೆಯಾಯಿತು. ಇವರು ಏನು ಬೈದಾರು?

ಅಪ್ಪ ಹೊಸ್ತಿಲಲ್ಲೇ ನೆಲಕ್ಕೆ ಬಾಗಿ ಸಲಾಮು ಮಾಡಿ, ಕೈಕಟ್ಟಿ, ಮೇಜಿನ ಕಾಲು ನೋಡುತ್ತಾ ನಿಂತ. ಸದರ್ ಸಾಹೇಬರು ಎದುರಿನ ಖಾಲಿ ಕುರ್ಚಿಯ ಕಡೆಗೆ ಕೈ ಚಾಚಿದರು.

"ತಶರೀಫ್ ರಖಿಯೇ."

ದಯಮಾಡಿ ಕೂತುಕೊಳ್ಳಿ ಎಂದು ಅದರ ಅರ್ಥ. ಉರ್ದುವಿನಲ್ಲಿ ಮರ್ಯಾದೆಯವರು ಸುಮ್ಮನೆ ಕೂಡು ಎನ್ನುವುದಿಲ್ಲ. ನಿಮ್ಮ ಗೌರವವನ್ನು ಇಲ್ಲಿ ಇಡಿ ಎನ್ನುತ್ತಾರೆ. ಇದು ನನಗೆ ಆಮೇಲೆ ಗೊತ್ತಾದದ್ದು. ಆ ಹೊತ್ತಿನಲ್ಲಿ ಅಪ್ಪನಿಗೂ ಗೊತ್ತಿರಲಿಲ್ಲ, ಅಣ್ಣನಿಗೂ ಗೊತ್ತಿರಲಿಲ್ಲ. ಅಪ್ಪನಿಗೆ ತಿಳಿದದ್ದು ಒಂದೇ. ರಖಿಯೇ. ಇಡು.

ಅಪ್ಪ ಚೀಲದಿಂದ ಅರ್ಜಿ ತೆಗೆದು ಕುರ್ಚಿಯ ಮೇಲೆ ಇಟ್ಟ.

ಸದರ್ ಸಾಹೇಬರು ಸ್ವಲ್ಪ ಗಲಿಬಿಲಿಯಾಗಿ, "ನಹೀ ನಹೀ, ತಶರೀಫ್ ರಖಿಯೇ," ಎಂದರು.

ಅಪ್ಪ ಸಾಲಿಯ ಚೀಟಿ ತೆಗೆದು ಅರ್ಜಿಯ ಮೇಲಿಟ್ಟ. ಅದರ ಮೇಲೆ ಪಾಟೀಲರ ಚೀಟಿ. ಗೋಡೆಯ ಬದಿಯ ಮಾಸ್ತರರಲ್ಲಿ ಒಬ್ಬರು ಬಾಯಿಗೆ ಕರವಸ್ತ್ರ ಹಿಡಿದರು.

"ಅರೇ ಭಾಯಿ, ಆಪ್ ತಶರೀಫ್ ರಖಿಯೇ!"

ಅಪ್ಪ ಚೀಲವನ್ನೇ ಇಟ್ಟ. ಚೀಲದೊಳಗಿನ ರೊಟ್ಟಿಯ ಗಂಟು ತೆಗೆದು ಅದನ್ನೂ ಇಟ್ಟ. ಅವನ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಇಡುವುದಕ್ಕೆ ಇನ್ನೇನು ಉಳಿದಿದೆ ಎಂದು ಮೈಮೇಲೆಲ್ಲ ಕೈಯಾಡಿಸಿದ. ತಲೆಗೆ ಕೈ ಹೋಯಿತು. ಏನೇ ಆದರೂ ತೆಗೆಯಬಾರದು ಎಂದು ಮುನ್ಷಿಯವರು ಹೇಳಿದ್ದ ರುಮಾಲನ್ನು ತೆಗೆದು ಎಲ್ಲದರ ಮೇಲೆ ಇಟ್ಟ. ಬೋಳುತಲೆಯಲ್ಲಿ ನಿಂತು, ಅಳುವ ಧ್ವನಿಯಲ್ಲಿ ಕನ್ನಡದಲ್ಲೇ ಹೇಳಿದ:

"ಮುಗೀತ್ರಿ ಸರ್ಕಾರ್. ತಶರೀಫ್ ಇಲ್ರಿ ನನ್ನ ಹಂತ್ಯಾಕ. ಮನ್ಯಾಗ ಬಿಟ್ಟು ಬಂದಿರಬೇಕು. ನಾಳಿಗೆ ತಂದು ಕೊಡ್ತೀನ್ರಿ."

ಕನ್ನಡ ಬಲ್ಲ ಒಬ್ಬ ಮಾಸ್ತರರು ಅದನ್ನು ಉರ್ದುವಿನಲ್ಲಿ ಹೇಳಿದರು. ಗೌರವವನ್ನು ಮನೆಯಲ್ಲಿ ಬಿಟ್ಟು ಬಂದಿದ್ದಾನಂತೆ, ನಾಳೆ ತರುತ್ತಾನಂತೆ. ಕೋಣೆಯೆಲ್ಲ ನಕ್ಕಿತು. ಹೊರಗಿನ ಜವಾನ ನಕ್ಕ. ಸದರ್ ಸಾಹೇಬರು ತಡೆದುಕೊಂಡರು, ಕೆಮ್ಮಿದರು, ಕೊನೆಗೆ ಅವರಿಗೂ ತಡೆಯಲಾಗಲಿಲ್ಲ. ಆಗ ಆ ನಗುವಿನ ನಡುವೆ ಇನ್ನೊಂದು ಎಳೆಯ ನಗು ಕೇಳಿಸಿತು. ನಮ್ಮಣ್ಣನದು. ಹಲ್ಲು ಕಿಸಿದ ನಗುವಲ್ಲ. ಒಳ್ಳೆಯ ನಗು, ಕಲಿಸಿದ್ದಕ್ಕಿಂತ ಒಳ್ಳೆಯದು.

ಸದರ್ ಸಾಹೇಬರು ಅವನ ಕಡೆ ತಿರುಗಿ, ಯಾಕೆ ನಕ್ಕೆ ಎಂದು ಉರ್ದುವಿನಲ್ಲಿ ಕೇಳಿದರು.

"ಹುಜೂರ್ ಹಂಸೇ, ಮೈ ಭೀ ಹಂಸಾ," ಎಂದ ಅಣ್ಣ. ತಾವು ನಕ್ಕಿರಿ, ನಾನೂ ನಕ್ಕೆ ಎಂದು. ಪಡಸಾಲೆಯಲ್ಲಿ ಕಿವಿಗೆ ಬಿದ್ದಷ್ಟು ಉರ್ದು ಅವನಿಗೆ ಸಾಕಾಗಿತ್ತು.

"ಲಡ್ಕಾ ಹೋಶಿಯಾರ್ ಹೈ," ಹುಡುಗ ಜಾಣ, ಎಂದು ಸದರ್ ಸಾಹೇಬರು ಲೇಖಣಿಕೆ ಎತ್ತಿಕೊಂಡರು. ದಾಖಿಲಾ ಆಯಿತು. ಅಪ್ಪ ಕುರ್ಚಿಯ ಮೇಲಿಂದ ರುಮಾಲು, ರೊಟ್ಟಿ, ಚೀಲ, ಒಂದೊಂದಾಗಿ ಎತ್ತಿಕೊಂಡ. ಕುರ್ಚಿ ಖಾಲಿಯಾಯಿತು. ಆಗಲೂ ಅವನು ಕೂರಲಿಲ್ಲ.

ದಾರಿಯುದ್ದಕ್ಕೂ ಅಪ್ಪ ಎತ್ತುಗಳ ಜೊತೆಗೇ ಮಾತಾಡಿದ. ಮರುದಿನ ಮುಂಜಾನೆ ಮುನ್ಷಿಯವರು ತಾವೇ ನಮ್ಮ ಮನೆಗೆ ಬಂದರು. ಅಪ್ಪ ಏನೂ ಮುಚ್ಚಿಡದೆ ಹೇಳಿದ. ಮುನ್ಷಿಯವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಗೋಡೆ ಹಿಡಿದು, ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು ನಕ್ಕರು.

"ಅದಕ್ಕ ಕುಂಡ್ರು ಅಂತ ಅರ್ಥ, ಹುಚ್ಚ!"

"ಅದೊಂದು ಮಾತು ನೀವು ಕಲಿಸಿರಲಿಲ್ರಿ," ಎಂದ ಅಪ್ಪ.

"ಗಧಾ ಅಂತಾರಂತ ಕಲಿಸಿದ್ದೆ. ಹೊರಗ ನಿಲ್ಲು ಅಂತಾರಂತ ಕಲಿಸಿದ್ದೆ. ನಿನ್ನಂಥಾವಗ ಕುಂಡ್ರು ಅಂತಾರಂತ ನನಗರ ಹ್ಯಾಂಗ ಗೊತ್ತಾಗಬೇಕು?" ಎಂದರು. ಆಮೇಲೆ ಅಣ್ಣನ ಕಡೆ ತಿರುಗಿದರು. "ನೀ ಏನ್ ಮಾಡಿದಿ?"

"ನಕ್ಕೆ."

"ಶಾಬಾಸ್!" ಎಂದು ಅವನ ಬೆನ್ನು ತಟ್ಟಿದರು. ಅವರು ಯಾರ ಬೆನ್ನನ್ನಾದರೂ ತಟ್ಟಿದ್ದೂ ಅದೊಂದೇ ಸಲ.

ಒಂದು ವಾರದೊಳಗೆ ಊರಿಗೆಲ್ಲ ಗೊತ್ತಾಯಿತು. ಮುನ್ಷಿಯವರು ಪಡಸಾಲೆಗೆ ಬಂದ ಹೊಸ ತಂದೆ ತಾಯಿಗಳಿಗೆ ಮೊದಲ ಪಾಠವಾಗಿ ಇದನ್ನೇ ಹೇಳತೊಡಗಿದ್ದರು. ಗಾಲಿ ಮಾಡಿಸಲು ಬಂದ ರೈತರು, "ತಶರೀಫ್ ಎಲ್ಲಿಟ್ಟಿಯೋ ಬಡಿಗೇರ? ಇವತ್ತರ ತಂದೀಯೇನು?" ಎಂದು ಕೇಳುತ್ತಿದ್ದರು. ಅಪ್ಪ ಅವರ ಜೊತೆ ತಾನೂ ನಗುತ್ತಿದ್ದ. ಅವನಿಗೂ ನಗು ಅಭ್ಯಾಸವಾಗಿತ್ತು.

ಸಾಲಿ ತೆರೆಯುವ ದಿನ ಬಂತು. ಅಣ್ಣನ ಟ್ರಂಕು ಬಂಡಿಯ ಹತ್ತಿರ ಬಂತು. ಮೊದಲ ದಿನ ಮನೆಯ ಹಿರಿಯರು ಒಬ್ಬರು ಸದರ್ ಸಾಹೇಬರ ಮುಂದೆ ಹುಡುಗನನ್ನು ಒಪ್ಪಿಸಬೇಕು. ಅಪ್ಪ ಎತ್ತು ಹೂಡಿದ, ಟ್ರಂಕು ಏರಿಸಿದ, ತಾನು ಹತ್ತಲಿಲ್ಲ.

"ನಾ ಬರಂಗಿಲ್ಲ," ಎಂದ.

"ಹಂಗಂದ್ರ ಹ್ಯಾಂಗ್ರಿ?" ಎಂದಳು ಅವ್ವ.

"ಬಂದ್ರ ಮತ್ತ ಕುಂಡ್ರು ಅಂತಾರ."

ಅವ್ವ ಎಷ್ಟು ಹೇಳಿದರೂ ಅಷ್ಟೇ. ಕೊನೆಗೆ ಅವಳು ಮುನ್ಷಿಯವರ ಮನೆಗೆ ಓಡಿದಳು. ಕಾಲು ಹಿಡಿದಳೋ ಏನು ಮಾಡಿದಳೋ, ಸ್ವಲ್ಪ ಹೊತ್ತಿಗೆ ಅವರು ಹಿತ್ತಾಳೆ ಗುಂಡಿಯ ಹಳೆಯ ಕೋಟು ಹಾಕಿಕೊಂಡು ಬಂದರು. ಆ ಕೋಟನ್ನು ನೋಡಿ, ಬಂಡಿ ಹೊಡೆಯಲು ಬಂದಿದ್ದ ಮುದುಕ ನನ್ನ ಕಿವಿಯಲ್ಲಿ ಹೇಳಿದ: ಇವರು ಕಚೇರಿಯಲ್ಲಿ ಮುನ್ಷಿಯಾಗಿದ್ದವರಲ್ಲ, ಸಾಹೇಬರು ಬಂದಾಗ ಬಾಗಿಲ ಪರದೆ ಎತ್ತುವ ಜವಾನರಾಗಿದ್ದವರು, ಮೂವತ್ತು ವರ್ಷ ಅದೇ ಕೆಲಸ. ಮಸ್ಕಿಗೆ ಬಂದ ಮೇಲೆ ಮುನ್ಷಿ ಎನ್ನಿಸಿಕೊಂಡರು. ಯಾರೂ ಎದುರಿಗೆ ಆಡುವುದಿಲ್ಲ.

ಬಂಡಿ ಹೋಯಿತು. ಮುನ್ಷಿಯವರು ಎರಡು ದಿನ ಬಿಟ್ಟು ತಿರುಗಿ ಬಂದರು. ಹುಡುಗ ಸೇರಿದ ಎಂದು ಬೀದಿಯಿಂದಲೇ ಹೇಳಿ ಮನೆಗೆ ಹೋದರು. ಮುಂದಿನ ಬೇಸಿಗೆಗೆ ಪಡಸಾಲೆ ತೆರೆಯಲಿಲ್ಲ. ಮೈ ನೆಟ್ಟಗಿಲ್ಲ ಎಂದರು. ಅದರ ಮುಂದಿನ ಬೇಸಿಗೆ ಬರುವುದರೊಳಗೆ ತೀರಿಕೊಂಡರು. ಅಪ್ಪನೇ ಹೋಗಿ ಚಟ್ಟ ಕಟ್ಟಿದ.

ರಜೆಗೆ ಬಂದಿದ್ದ ಅಣ್ಣ ಆ ಸುದ್ದಿ ಕೇಳಿ ನನ್ನನ್ನು ಹಿತ್ತಲಿಗೆ ಕರೆದ. ಆಗಲೇ ಅವನಿಗೆ ಸಣ್ಣಗೆ ಮೀಸೆ ಚಿಗುರಿತ್ತು, ಉರ್ದುವಿನಲ್ಲಿ ಕನಸು ಕಾಣುತ್ತೇನೆ ಎನ್ನುತ್ತಿದ್ದ.

"ನಿನಗೊಂದು ಹೇಳ್ಲಿ? ಯಾರಿಗೂ ಹೇಳಿಲ್ಲ," ಎಂದ. "ಅವತ್ತು ಮುನ್ಷಿಯವರು ನನ್ನ ಬಿಡಾಕ ಬಂದಿದ್ರಲ್ಲ, ಸದರ್ ಸಾಹೇಬ್ರು ಅವರಿಗೂ ಅದನ್ನ ಅಂದ್ರು."

"ಯಾವ್ದು?"

"ಅದ. ತಶರೀಫ್ ರಖಿಯೇ ಅಂತ. ಅವ್ರು ಎಲ್ಲಾರಿಗೂ ಅಂತಾರ."

"ಕುಂತ್ರೇನು ಮತ್ತ?"

"ಎಲ್ಲಿ ಕುಂಡ್ರತಾರ! ಹಿಂದ ಸರದು ಬಾಗಿಲ ಪರದಿ ಹಿಡ್ಕೊಂಡು ನಿಂತುಬಿಟ್ರು. ಸಾಹೇಬ್ರು ಎರಡನೇ ಸಲ ಅಂದ್ರು. ಇವ್ರು ಪರದಿ ಮ್ಯಾಲೆತ್ತಿದ್ರು. ಯಾರರ ಒಳಗ ಬರ್ತಾರೇನೋ ಅನ್ನೂವಂಗ ಎತ್ತಿ ಹಿಡ್ಕೊಂಡು, ತಲಿ ಬಗ್ಗಿಸಿ ನಿಂತ್ರು. ಮಾಸ್ತರ್ರೆಲ್ಲಾ ನಕ್ರು."

"ನೀ?"

"ನಾನೂ ನಕ್ಕೆ. ಅವ್ರು ನನ್ನ ಕಡೆ ನೋಡಿದ್ರು. ಇನ್ನೂ ಜೋರು ನಕ್ಕೆ. ಅವ್ರ ಕಲಿಸಿದ್ದಲ್ಲ?"

ಅಣ್ಣ ಬೇಲಿಯ ಕಟ್ಟಿಗೆಯನ್ನು ಪರದೆಯಂತೆ ಎತ್ತಿ ಹಿಡಿದು, ತಲೆ ಬಗ್ಗಿಸಿ ತೋರಿಸಿದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮತ್ತೊಮ್ಮೆ ಮಾಡು ಎಂದೆ. ಮತ್ತೊಮ್ಮೆ ಮಾಡಿದ. ನಮ್ಮ ನಗು ಅಂಗಳದಲ್ಲಿ ಕಟ್ಟಿಗೆ ಕೆತ್ತುತ್ತಿದ್ದ ಅಪ್ಪನಿಗೆ ಕೇಳಿಸಿತು. ಬಾಚಿ ಹಿಡಿದುಕೊಂಡೇ ಹಿತ್ತಲಿನ ಬಾಗಿಲಿಗೆ ಬಂದ.

"ಏನದು? ನನಗೂ ಹೇಳ್ರಲ್ಲ," ಎಂದ.

ಹೇಳಲಿಲ್ಲ. ಅದನ್ನು ಕೇಳಿ ನಗದೆ ಇರುವವನು ಆ ಊರಲ್ಲಿ ಅವನೊಬ್ಬನೇ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.